ಪಾವಕಿಲೋ ಕತ್ತಲು

ಮುಪ್ಪಿನವರ ಕಣ್ಣೊಳಗಿನ ಮಸೂರ ಹೆಚ್ಚೂಕಡಿಮೆ ಕಾಲು ಗ್ರಾಂ ತೂಗುತ್ತದೆ. ಅದು ಮಬ್ಬಾಗಿ ಬೆಳ್ಳಗಾದರೆ ನಮ್ಮ ಗೋಕಾಕ ಸೀಮೆಯಲ್ಲಿ ಮೋತಿಬಿಂದು ಬಂತು ಅನ್ನುತ್ತಾರೆ, ಪೊರೆ ಬಂತು ಅಂತಲೂ ಅನ್ನುತ್ತಾರೆ. ಕಣ್ಣಿನ ವೈದ್ಯ ಡಾ. ಎಂ.ಸಿ. ಮೋದಿಯವರು ಒಂದೇ ದಿನದಲ್ಲಿ 833 ಪೊರೆ ತೆಗೆದದ್ದು ಗಿನ್ನೆಸ್ ಪುಸ್ತಕದಲ್ಲಿ ದಾಖಲಾಗಿದೆ. ಆ ದಿನ ತೆಗೆದದ್ದನ್ನೆಲ್ಲ ತಕ್ಕಡಿಗೆ ಹಾಕಿದ್ದರೆ 208 ಗ್ರಾಂ ಆಗುತ್ತಿತ್ತು. ಪಾವಕಿಲೋ ಕೂಡ ತುಂಬುವುದಿಲ್ಲ! ಅಷ್ಟು ಜನರಿಗೆ ಹೊಲದ ಬದು, ಒಲೆಯ ಉರಿ, ಮೊಮ್ಮಗನ ಮುಖ ಕಾಣದಂತೆ ಮಾಡಿದ್ದು ಇಷ್ಟೇ ಇಷ್ಟು.

ಮೋದಿಯವರು ನಮಗೆ ದೂರದವರಲ್ಲ. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದರು. ಗೋಕಾಕದಲ್ಲಿ ಧುಮುಕುವ ಘಟಪ್ರಭೆಯೇ ಮುಂದೆ ಆ ತಾಲ್ಲೂಕಿಗೂ ಹೋಗುತ್ತದೆ. 1943ರಿಂದ ಊರೂರಿಗೆ ಹೋಗಿ ಶಿಬಿರ ಮಾಡಿದರು. 1993ರ ಫೆಬ್ರುವರಿಯವರೆಗಿನ ದಾಖಲೆಯ ಲೆಕ್ಕ ಹೀಗಿದೆ: 46,120 ಹಳ್ಳಿ, 1,21,18,630 ರೋಗಿಗಳು, 6,10,564 ಶಸ್ತ್ರಚಿಕಿತ್ಸೆ.

ಈ ಅಂಕಿಗಳನ್ನು ಒಮ್ಮೆ ಓದಿದರೆ ತಲೆಗೆ ಹೋಗುವುದಿಲ್ಲ, ಬಿಡಿಸಿ ನೋಡಬೇಕು. ಐವತ್ತು ವರ್ಷ ಒಂದು ದಿನವೂ ರಜೆಯಿಲ್ಲದೆ, ಹಬ್ಬ ಹುಣ್ಣಿಮೆ ಎನ್ನದೆ ದುಡಿದರೂ ದಿನಕ್ಕೆ 33 ಶಸ್ತ್ರಚಿಕಿತ್ಸೆ, ಎರಡೂವರೆ ಹಳ್ಳಿ, 660ಕ್ಕೂ ಹೆಚ್ಚು ರೋಗಿಗಳು. ಇಡೀ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ ಸುಮಾರು 48 ಲಕ್ಷ. ಅಂಥ ಎರಡೂವರೆ ಜಿಲ್ಲೆಯ ಜನ ಅವರ ಮುಂದೆ ಬಂದು ಕೂತು ಕಣ್ಣು ತೋರಿಸಿದ್ದಾರೆ. ಆ ಶಸ್ತ್ರಚಿಕಿತ್ಸೆಗಳೆಲ್ಲ ಪೊರೆಯವೇ ಎಂದು ಹಿಡಿದರೆ, ತೆಗೆದದ್ದೆಲ್ಲ ಸೇರಿ ಕ್ವಿಂಟಲ್ ಚೀಲದ ಲೆಕ್ಕದಲ್ಲಿ ಒಂದೂವರೆ ಚೀಲ ಜೋಳದಷ್ಟು ಭಾರ.

ಇನ್ನು ಆ 833ರ ದಿನ. ಇಪ್ಪತ್ನಾಲ್ಕು ತಾಸೂ ಕಣ್ಣು ಮುಚ್ಚದೆ ನಿಂತಿದ್ದರೂ ಒಂದು ಕಣ್ಣಿಗೆ ಸಿಗುವುದು 104 ಸೆಕೆಂಡು. ಅಷ್ಟರಲ್ಲಿ ಒಬ್ಬ ಮುದುಕಿಯನ್ನು ಮೇಜಿನ ಮೇಲೆ ಹತ್ತಿಸಿ ಮಲಗಿಸಲಿಕ್ಕೂ ಆಗುವುದಿಲ್ಲ. ಡಾಕ್ಟರ ಕೈ ಬರುವಷ್ಟರಲ್ಲಿ ಅವಳ ಮುಖ ತೊಳೆದಿರಬೇಕು, ಕಣ್ಣಿಗೆ ಔಷಧಿ ಬಿಟ್ಟಿರಬೇಕು, ಯಾವ ಕಣ್ಣು ಎಂಬ ಗುರುತು ಹಣೆಯ ಮೇಲಿರಬೇಕು, ಅವಳ ಹೆದರಿಕೆಯನ್ನು ಯಾರೋ ಮಾತಾಡಿಸಿ ಇಳಿಸಿರಬೇಕು. ಈ ಕೆಲಸ ಮಾಡಿದ ಕೈಗಳ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ನನಗೆ ಆ ಕೈಗಳದೇ ಹೆಚ್ಚಿನ ಬೆರಗು.

ಆಗಿನ ಪದ್ಧತಿಯಲ್ಲಿ ಮಸೂರವನ್ನು ಇಡಿಯಾಗಿ ಹೊರತೆಗೆಯುತ್ತಿದ್ದರು. ರೋಗಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ದಿನಗಟ್ಟಲೆ ಅಲುಗಾಡದೆ ಮಲಗಬೇಕು. ಕೆಮ್ಮಬಾರದು, ಬಗ್ಗಬಾರದು, ಕಟಕ್ ರೊಟ್ಟಿ ಕಡಿಯುವಂತಿಲ್ಲ. ಗಂಜಿಯೋ ಹಾಲು-ಅನ್ನವೋ ಆಗಬೇಕು, ಅದನ್ನೂ ಯಾರಾದರೂ ಬಾಯಿಗೆ ಇಡಬೇಕು. 833 ಚಾಪೆಗಳನ್ನು, ಒಂದೊಂದು ಆರಡಿಯಂತೆ, ಒಂದರ ತುದಿಗೊಂದು ಹಾಸುತ್ತ ಹೋದರೆ ಒಂದೂವರೆ ಕಿಲೋಮೀಟರು ಆಗುತ್ತದೆ. ಹೊತ್ತಿಗೆ ಇಪ್ಪತ್ತು ತುತ್ತಿನಂತೆ ಎರಡು ಹೊತ್ತು ಉಣಿಸಿದರೆ ಒಂದು ವಾರಕ್ಕೆ 2,33,240 ತುತ್ತು. ದಿನಕ್ಕೆ ನಾಲ್ಕು ಸಲ ಎಬ್ಬಿಸಿ ಕೈಹಿಡಿದು ಬಯಲಿಗೆ ಕರೆದೊಯ್ಯುವುದು, ಇಲ್ಲವೆ ಮಲಗಿದಲ್ಲೇ ಪಾತ್ರೆ ಹಿಡಿಯುವುದು ಎಂದರೆ ವಾರಕ್ಕೆ 23,324 ಸಲ. ಇದು ನಾನು ಕೂತು ಹಾಕಿದ ಲೆಕ್ಕ. ಒಂದೆರಡು ತುತ್ತು ಹೆಚ್ಚುಕಡಿಮೆ ಆದೀತು. ಆದರೆ ಹೆತ್ತ ತಾಯಿಯಲ್ಲದವಳ ಬಾಯಿಗೆ ಗಂಜಿ ಇಡುತ್ತ, ಗೊತ್ತಿಲ್ಲದ ಮುತ್ಯಾನ ಉಚ್ಚೆಪಾತ್ರೆ ತೊಳೆಯುತ್ತ ವಾರ ಕಳೆಯುವುದು ಸಣ್ಣ ಮಾತಲ್ಲ. ಮೋದಿಯವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. ಪಾತ್ರೆ ತೊಳೆದವರು ಶಿಬಿರ ಮುಗಿದ ಮರುದಿನ ತಮ್ಮ ಹೊಲಕ್ಕೆ ಹೋದರು.

ಮೋದಿಯವರ 1993ರವರೆಗಿನ ಆ ದಾಖಲೆಯಲ್ಲೇ ಇನ್ನೊಂದು ಲೆಕ್ಕ ಅಡಗಿದೆ. ರೋಗಿಗಳ ಸಂಖ್ಯೆಯನ್ನು ಶಸ್ತ್ರಚಿಕಿತ್ಸೆಯ ಸಂಖ್ಯೆಯಿಂದ ಭಾಗಿಸಿದರೆ ಹೆಚ್ಚೂಕಡಿಮೆ ಇಪ್ಪತ್ತು ಬರುತ್ತದೆ. ಒಂದು ಶಸ್ತ್ರಚಿಕಿತ್ಸೆ ಮಾಡಬೇಕಾದರೆ ಇಪ್ಪತ್ತು ಜನರ ಕಣ್ಣು ನೋಡಬೇಕು. ಅಷ್ಟು ಜನರನ್ನು ಮನೆಯಿಂದ ಎಬ್ಬಿಸಿ ತರುವುದೇ ದೊಡ್ಡ ಕೆಲಸ, ಅದು ಇಂದಿಗೂ ಸ್ವಯಂಸೇವಕರದೇ.

ಈಗ ಹಳ್ಳಿಯಲ್ಲಿ ತಪಾಸಣೆ ಅಷ್ಟೇ ನಡೆಯುತ್ತದೆ. ಸೋಂಕಿನ ಭಯಕ್ಕೆ ಶಾಲೆ, ಛತ್ರಗಳಲ್ಲಿ ಶಸ್ತ್ರಚಿಕಿತ್ಸೆ ಮಾಡುವುದು ನಿಂತಿತು, ಅದು ಒಳ್ಳೆಯದೇ ಆಯಿತು. ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ದು, ಕೃತಕ ಮಸೂರ ಕೂರಿಸಿ, ಸಾಮಾನ್ಯವಾಗಿ ಮರುದಿನವೇ ಮನೆಗೆ ಬಿಡುತ್ತಾರೆ. ತಪಾಸಣೆಯಲ್ಲಿ ಒಂದು ಅಳತೆ ಮೂರು ಮೀಟರ್, ಅಂದರೆ ಸುಮಾರು ಹತ್ತಡಿ. ಅಷ್ಟು ದೂರದಿಂದ ಬೆರಳು ಎಣಿಸಲು ಆಗದವರನ್ನು ಸರ್ಕಾರದ ಲೆಕ್ಕದಲ್ಲಿ ಅಂಧರೆಂದು ಹಿಡಿಯುತ್ತಾರೆ.

ನಮ್ಮ ಸೀಮೆಯ ಕುಲಗೋಡದ ಕಟ್ಟೆಯ ಮೇಲೆ ಈ ತಪಾಸಣೆ ಹೀಗೆ ನಡೆಯುತ್ತದೆ:

‘ಆಯಿ, ಎಷ್ಟ ಬಟ್ಟ ಕಾಣತಾವ ಹೇಳ್ರಿ.’

‘ಬಟ್ಟ ಎಲ್ಲೈತೋ ತಮ್ಮಾ? ಬೆಳ್ಳಗ ಏನೋ ಅಲಗಾಡತೈತಿ.’

‘ಎಷ್ಟ ದಿನಾ ಆತ್ರಿ ಹಿಂಗಾಗಿ?’

‘ವಯಸ್ಸಾತಲ್ಲೋ ಯಪ್ಪಾ, ಇನ್ನೇನ ಮಾಡೂದೈತಿ ನೋಡಿ.’

ಶ್ರೀಕೃಷ್ಣ ಪಾರಿಜಾತ ಬಯಲಾಟಕ್ಕೆ ಮೆರುಗು ಕೊಟ್ಟ ಕುಲಗೋಡ ತಮ್ಮಣ್ಣನ ಊರು ಇದು. ಆಟ ನೋಡಲಿಕ್ಕೆ ಬಂದು ಬರೀ ಕೇಳಿಕೊಂಡು ಹೋಗುವ ಮುತ್ಯಾಗಳು ಈ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಆಟದ ಸತ್ಯಭಾಮೆಯ ದನಿ ಗೊತ್ತು, ಭಾಮೆಯ ಮುಖ ಮಬ್ಬು. ಮುಪ್ಪಿಗೆ ಇದು ಸಹಜ ಎಂದು ಅವರೇ ತೀರ್ಮಾನ ಮಾಡಿಕೊಂಡಿರುತ್ತಾರೆ. ಆಸ್ಪತ್ರೆಗೆ ಜೊತೆ ಬರುವ ಸೊಸೆಗೆ ಕೂಲಿ ತಪ್ಪುತ್ತದೆ ಎಂದು ಬಾಯಿಬಿಟ್ಟು ಹೇಳುವುದೂ ಇಲ್ಲ.

2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಐವತ್ತು ದಾಟಿದ ಪ್ರತಿ ಐವತ್ತು ಜನರಲ್ಲಿ ಒಬ್ಬರು ಅಂಧರು, ಅವರಲ್ಲಿ ಮೂರರಲ್ಲಿ ಎರಡು ಪಾಲು ಬರೀ ಪೊರೆಯಿಂದ. ಎಲ್ಲ ವಯಸ್ಸಿನವರನ್ನೂ ಹಿಡಿದರೆ ನೂರಕ್ಕೆ 0.36. ದೇಶದ ಮಟ್ಟದಲ್ಲಿ ಇದು ಲಕ್ಷಗಳ ಮಾತು. ಹತ್ತು ಸಾವಿರ ಜನರ ಒಂದು ಊರಿಗೆ ತಂದರೆ 36 ಜನ. ಯಾವ ಓಣಿ, ಯಾರ ಮನೆ, ಕರೆತರಲು ಮಗ ಇದ್ದಾನೋ ಇಲ್ಲವೋ ಎಂಬುದನ್ನು ಇಬ್ಬರು ಹುಡುಗರು ಒಂದು ನೋಟಬುಕ್ಕಿನ ನಾಲ್ಕು ಹಾಳೆಯಲ್ಲಿ ಬರೆದುಕೊಳ್ಳಬಹುದು. ಗಾಡಿ ಬರುವ ದಿನ ಬೆಳಿಗ್ಗೆ ಆ ಬಾಗಿಲುಗಳನ್ನು ಮತ್ತೊಮ್ಮೆ ಬಡಿಯಬೇಕು, ಹೆಸರು ಬರೆಸಿದವರಲ್ಲಿ ಒಲ್ಲೆ ಎನ್ನುವವರು ಇದ್ದೇ ಇರುತ್ತಾರೆ.