ದಾರಿಹೋಕರಿಗೆ ಬಾಗಿಲು ತೆರೆದ ದ್ರಾಕ್ಷಿತೋಟ

ಶಿವಮೊಗ್ಗ ಜಿಲ್ಲೆಯ ಅಡಿಕೆ ಬೆಳೆಗಾರರು ಕೊಳೆರೋಗವನ್ನು ತಡೆಯಲು ಮಳೆಗಾಲದಲ್ಲಿ ಗೊನೆಗಳಿಗೆ ಹೊಡೆಯುವ ಔಷಧಿ, ಅಂದರೆ ಮೈಲುತುತ್ತ ಮತ್ತು ಸುಣ್ಣವನ್ನು ನೀರಿನಲ್ಲಿ ಬೆರೆಸಿ ಸಿದ್ಧಪಡಿಸುವ ಬೋರ್ಡೋ ದ್ರಾವಣವು, ಅಡಿಕೆಗಾಗಿ ಹುಟ್ಟಿದ್ದಲ್ಲ. ಅದು ಫ್ರಾನ್ಸಿನ ಬೋರ್ಡೋ ನಗರದ ಸುತ್ತಲಿನ ದ್ರಾಕ್ಷಿತೋಟಗಳಿಂದ ಬಂದದ್ದು. ಅಲ್ಲಿನ ಮೆಡಾಕ್ ಪ್ರದೇಶದ ಬೆಳೆಗಾರರು ರಸ್ತೆಯಂಚಿನ ಹಣ್ಣನ್ನು ದಾರಿಹೋಕರು ಕಿತ್ತು ತಿನ್ನದಿರಲೆಂದು ಬಳ್ಳಿಗಳ ಮೇಲೆ ಈ ನೀಲಿ ಮಿಶ್ರಣವನ್ನು ಚಿಮುಕಿಸುತ್ತಿದ್ದರು. ಹಾಗೆ ಚಿಮುಕಿಸಿದ ಬಳ್ಳಿಗಳ ಎಲೆಗಳು ಬೂಜುರೋಗಕ್ಕೆ ತುತ್ತಾಗದೆ ಉಳಿದುದನ್ನು ಸಸ್ಯವಿಜ್ಞಾನಿ ಮಿಲಾರ್ಡೆ 1882ರಲ್ಲಿ ಗಮನಿಸಿ, ಪ್ರಯೋಗಗಳನ್ನು ನಡೆಸಿ, 1885ರಲ್ಲಿ ಅದರ ವಿಧಾನವನ್ನು ಪ್ರಕಟಿಸಿದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ, ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದ ಹಳೆಯ ಪದ್ಧತಿಯ ಜಾಗದಲ್ಲಿ ಬೋರ್ಡೋ ಸಿಂಪಡಣೆಯನ್ನು ಬಳಕೆಗೆ ತಂದರು. ದ್ರಾಕ್ಷಿಯ ಬೂಜನ್ನೂ ಅಡಿಕೆಯ ಕೊಳೆಯನ್ನೂ ಉಂಟುಮಾಡುವ ಸೂಕ್ಷ್ಮಜೀವಿಗಳು ಒಂದೇ ವರ್ಗಕ್ಕೆ ಸೇರಿದವಾದ್ದರಿಂದ ಒಂದೇ ಔಷಧಿ ಎರಡಕ್ಕೂ ಒದಗಿತು.

ಹೀಗೆ ದ್ರಾಕ್ಷಿತೋಟದ ಔಷಧಿಯು ಮಲೆನಾಡಿಗೆ ಬಂದು ಶತಮಾನ ಕಳೆದರೂ ದ್ರಾಕ್ಷಿತೋಟ ಮಾತ್ರ ಬರಲಿಲ್ಲ. ಅದಕ್ಕೆ ಕಾರಣ ಮಳೆಯೇ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯನ್ನು ಒಳಗೊಂಡ ಈ ಜಿಲ್ಲೆಯಲ್ಲಿ, ಎಲೆಯ ಮೇಲೆ ತೇವ ನಿಲ್ಲದಿದ್ದರೆ ಮಾತ್ರ ಆರೋಗ್ಯವಾಗಿರುವ ಬಳ್ಳಿಯನ್ನು ವಾಣಿಜ್ಯ ಬೆಳೆಯಾಗಿ ಸಾಕುವುದು ದುಸ್ತರ. ಮಳೆ ಅಷ್ಟಿಲ್ಲದ ಶಿವಮೊಗ್ಗ ನಗರ ಮತ್ತು ಭದ್ರಾವತಿಯ ಬಯಲಿನಲ್ಲಿಯೂ ನಾಲೆಯ ನೀರು ಭತ್ತ, ಕಬ್ಬು, ತೆಂಗು, ಅಡಿಕೆಗಳ ಕಡೆಗೇ ಹರಿದಿದೆ. ಕರ್ನಾಟಕದ ದ್ರಾಕ್ಷಿಯ ನೆಲೆಗಳು ಪಶ್ಚಿಮಘಟ್ಟದ ಮಳೆಯ ನೆರಳಿನಲ್ಲಿ, ಎಂದರೆ ಮೋಡಗಳು ಘಟ್ಟದಲ್ಲಿ ಬರಿದಾದ ಮೇಲೆ ಉಳಿಯುವ ಒಣಪ್ರದೇಶದಲ್ಲಿ ಇವೆ: ಉತ್ತರದಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ, ದಕ್ಷಿಣದಲ್ಲಿ ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ಕೋಲಾರ. ದ್ರಾಕ್ಷಾರಸದ, ಅಂದರೆ ವೈನಿನ, ವ್ಯವಹಾರದಲ್ಲಿ ಮೊದಲನೆಯದನ್ನು ಕೃಷ್ಣಾ ಕಣಿವೆಯೆಂದೂ ಎರಡನೆಯದನ್ನು ನಂದಿ ಕಣಿವೆಯೆಂದೂ ಕರೆಯುವುದು ರೂಢಿಯಾಗಿದೆ. ಶಿವಮೊಗ್ಗದ ತುಂಗೆ ಮತ್ತು ಭದ್ರಾವತಿಯ ಭದ್ರೆ ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಅಣೆಕಟ್ಟನ್ನು ದಾಟಿ ಕೃಷ್ಣೆಯನ್ನು ಸೇರುವುದರಿಂದ, ನೀರಿನ ಲೆಕ್ಕದಲ್ಲಿ ಈ ಎರಡು ಊರುಗಳೂ ಕೃಷ್ಣಾ ಕೊಳ್ಳದವೇ. 1520ರ ಸುಮಾರಿಗೆ ತುಂಗಭದ್ರೆಯ ದಂಡೆಯ ವಿಜಯನಗರವನ್ನು, ಅಂದರೆ ಇಂದಿನ ಹಂಪಿಯನ್ನು, ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿ ಮಾರಾಟವಾಗುತ್ತಿದ್ದ ಹಣ್ಣುಗಳ ನಡುವೆ ದ್ರಾಕ್ಷಿಯನ್ನು ಹೆಸರಿಸಿದ್ದಾನೆ. ಅದೇ ಹಂಪಿಯ ಆಸುಪಾಸಿನ ಬೆಟ್ಟಗಳಲ್ಲಿ ಈಗ ಕೃಷ್ಮಾ ಎಸ್ಟೇಟ್ಸ್ ಸಂಸ್ಥೆಯು ದ್ರಾಕ್ಷಾರಸಕ್ಕೆಂದೇ ಬಳ್ಳಿಗಳನ್ನು ಬೆಳೆಸುತ್ತಿದೆ.

ದಕ್ಷಿಣ ಕರ್ನಾಟಕದ ಹಳೆಯ ದ್ರಾಕ್ಷಿಯೆಂದರೆ ಚಪ್ಪರದ ಮೇಲೆ ಹಬ್ಬಿಸುವ, ದಪ್ಪ ಸಿಪ್ಪೆಯ, ಗಾಢ ಪರಿಮಳದ ಬೆಂಗಳೂರು ನೀಲಿ ದ್ರಾಕ್ಷಿ. ಅಮೆರಿಕ ಮೂಲದ ಲ್ಯಾಬ್ರಸ್ಕಾ ಜಾತಿಯ ನಂಟಿರುವ ಈ ತಳಿಗೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಒಂದು ಪ್ರದೇಶಕ್ಕೆ ಮಾತ್ರ ಸಲ್ಲುವ ಉತ್ಪನ್ನವೆಂಬ ಕಾನೂನುಬದ್ಧ ಗುರುತು, ದೊರೆಯಿತು. ಹಣ್ಣಿನ ರಸಕ್ಕೂ ಜಾಮಿಗೂ ಸಿಹಿಯಾದ ಅಗ್ಗದ ವೈನಿಗೂ ಅದು ಒದಗುತ್ತದೆಯಾದರೂ, ಊಟದ ಜೊತೆ ಕುಡಿಯುವ ಸಿಹಿಯಿಲ್ಲದ ದ್ರಾಕ್ಷಾರಸಕ್ಕೆ ಯುರೋಪಿನ ವಿನಿಫೆರಾ ಜಾತಿಯ ತಳಿಗಳು ಬೇಕೆಂಬುದು ತಜ್ಞರ ಮತವಾಗಿತ್ತು. ಅವು ಈ ಅಕ್ಷಾಂಶದಲ್ಲಿ ಹೇಗೆ ಬಾಳಬಲ್ಲವು ಎಂಬುದೇ ಪ್ರಶ್ನೆಯಾಗಿದ್ದಾಗ, ಫ್ರೆಂಚ್ ಕಂಪನಿಗಳೊಡನೆ ವ್ಯವಹಾರವಿದ್ದ ಉದ್ಯಮಿ ಕನ್ವಲ್ ಗ್ರೋವರ್ ಶಾಂಪೇನ್ ಪ್ರದೇಶದ ಪರಿಣತ ಜಾರ್ಜ್ ವೆಸೆಲ್ ಅವರ ನೆರವಿನಿಂದ ಸ್ಥಳಗಳನ್ನು ಪರೀಕ್ಷಿಸುತ್ತ ಬಂದು ನಂದಿಬೆಟ್ಟದ ತಪ್ಪಲನ್ನು ಆರಿಸಿಕೊಂಡರು. 1988ರಲ್ಲಿ ಆರಂಭವಾದ ಗ್ರೋವರ್ ವೈನ್‌ಯಾರ್ಡ್ಸ್ ತನ್ನ ಮೊದಲ ದ್ರಾಕ್ಷಾರಸವನ್ನು ಮಾರುಕಟ್ಟೆಗೆ ತಂದದ್ದು 1992ರಲ್ಲಿ. 1990ರ ದಶಕದ ಮಧ್ಯಭಾಗದಿಂದ ಬೋರ್ಡೋದ ಹೆಸರಾಂತ ಸಲಹೆಗಾರ ಮಿಶೆಲ್ ರೊಲಾಂ ಅದಕ್ಕೆ ಮಾರ್ಗದರ್ಶನ ನೀಡಿದರು. ಔಷಧಿಯನ್ನು ಕಳಿಸಿದ್ದ ಊರಿನಿಂದ ಈ ಬಾರಿ ರಸ ತಯಾರಿಸುವ ವಿದ್ಯೆಯೂ ಬಂದಂತಾಯಿತು. 2012ರಲ್ಲಿ ನಾಸಿಕದ ಸಂಸ್ಥೆಯೊಂದರೊಡನೆ ವಿಲೀನಗೊಂಡು ಅದು ಗ್ರೋವರ್ ಝಾಂಪಾ ಎನಿಸಿಕೊಂಡಿತು.

ಉಷ್ಣವಲಯದ ದ್ರಾಕ್ಷಿ ಬೇಸಾಯದ ಒಂದು ವಿಶೇಷವನ್ನು ಇಲ್ಲಿ ಹೇಳಲೇಬೇಕು. ಯುರೋಪಿನಲ್ಲಿ ಚಳಿಗಾಲವು ಬಳ್ಳಿಯನ್ನು ನಿದ್ರೆಗೆ ದೂಡುತ್ತದೆ. ಕರ್ನಾಟಕದಲ್ಲಿ ಬಳ್ಳಿಗೆ ನಿದ್ರೆಯಿಲ್ಲದಿರುವುದರಿಂದ, ರೈತನೇ ಕತ್ತರಿ ಹಿಡಿದು ಅದರ ಕಾಲಚಕ್ರವನ್ನು ನಿಯಂತ್ರಿಸುತ್ತಾನೆ. ಕೊಯ್ಲಿನ ಅನಂತರ ಏಪ್ರಿಲಿನ ಸುಮಾರಿಗೆ ಒಮ್ಮೆ ಸವರಿ ಹೊಸ ಕಡ್ಡಿಗಳನ್ನು ಬೆಳೆಸಿ, ಮಳೆ ಇಳಿಮುಖವಾದ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮತ್ತೊಮ್ಮೆ ಸವರಿ ಹೂವು-ಕಾಯಿಗೆ ಬಿಡಲಾಗುತ್ತದೆ. ವಿಜಯಪುರದ ಕಡೆಯ ಬೆಳೆಗಾರರು ಇದನ್ನು ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎನ್ನುತ್ತಾರೆ. ಫೆಬ್ರುವರಿ-ಮಾರ್ಚ್ ತಿಂಗಳ ಹಗಲಿನ ಬಿಸಿಲು ಮತ್ತು ರಾತ್ರಿಯ ತಂಪಿನಲ್ಲಿ ಹಣ್ಣು ಮಾಗುತ್ತದೆ. ನಂದಿಯ ತಪ್ಪಲು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಆ ತಂಪು ಅಲ್ಲಿಗೆ ಸಹಜವಾಗಿ ದಕ್ಕಿದೆ, ಮತ್ತು ಹಣ್ಣಿನ ಹುಳಿ ಪೂರ್ತಿ ಸೋರಿಹೋಗದಂತೆ ಕಾಯುವುದು ಅದೇ.

ಪ್ರವಾಸವೆಂಬುದು ಈ ಬೇಸಾಯಕ್ಕೆ ಅಂಟಿಕೊಂಡದ್ದು ಮಾರಾಟದ ಕಷ್ಟದಿಂದ. ದೇಶದ ಹೆಚ್ಚಿನ ಮನೆಗಳಲ್ಲಿ ಊಟದ ಜೊತೆ ದ್ರಾಕ್ಷಾರಸ ಕುಡಿಯುವ ಅಭ್ಯಾಸವೇ ಇರಲಿಲ್ಲ. ಮದ್ಯದ ಜಾಹೀರಾತಿಗೆ ಕೇಬಲ್ ಟೆಲಿವಿಷನ್ ನಿಯಮಗಳ ನಿಷೇಧವಿತ್ತು. ಅಂಗಡಿಯಲ್ಲಿ ಅದು ವಿಸ್ಕಿ, ರಮ್ಮುಗಳ ಸಾಲಿನಲ್ಲಿ ನಿಲ್ಲಬೇಕಾಗಿತ್ತು. ಗ್ರಾಹಕರನ್ನು ತೋಟಕ್ಕೇ ಕರೆತಂದು, ಬಳ್ಳಿಯನ್ನೂ ಪೀಪಾಯಿಯನ್ನೂ ತೋರಿಸಿ, ಒಂದೆರಡು ಗುಟುಕು ರುಚಿಗೆ ಕೊಡುವ ದಾರಿಯನ್ನು ಹೊರದೇಶಗಳು ಆಗಲೇ ತೆರೆದಿದ್ದವು. ಜರ್ಮನಿಯು 1935ರಲ್ಲಿಯೇ ದ್ರಾಕ್ಷಿತೋಟಗಳ ನಡುವಿನ ರಸ್ತೆಯೊಂದನ್ನು ಪ್ರವಾಸಿ ಮಾರ್ಗವೆಂದು ಸಾರಿತ್ತು, ದಕ್ಷಿಣ ಆಫ್ರಿಕದ ಸ್ಟೆಲೆನ್‌ಬಾಶ್ 1971ರಲ್ಲಿ ಅಂಥದೇ ಮಾರ್ಗವನ್ನು ರೂಪಿಸಿತ್ತು. ಭಾರತದಲ್ಲಿ ಮಹಾರಾಷ್ಟ್ರವು 2001ರಲ್ಲಿ ದ್ರಾಕ್ಷಿ ಸಂಸ್ಕರಣೆಗೆಂದು ಪ್ರತ್ಯೇಕ ನೀತಿಯನ್ನು ತಂದಿತು, ನಾಸಿಕದ ಸುಲಾ ಸಂಸ್ಥೆಯು 2005ರಲ್ಲಿ ಸಾರ್ವಜನಿಕರಿಗೆ ರುಚಿಕೋಣೆಯನ್ನು, ಎಂದರೆ ತಯಾರಿಕೆಯ ಸ್ಥಳದಲ್ಲಿಯೇ ಮಾದರಿಗಳನ್ನು ಸವಿದು ನೋಡುವ ಕೊಠಡಿಯನ್ನು, ತೆರೆಯಿತು. ಕರ್ನಾಟಕದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ 2007ರದು. ದ್ರಾಕ್ಷಾರಸವನ್ನು ಕೇವಲ ಅಬಕಾರಿಯ ವಸ್ತುವೆಂದು ನೋಡದೆ, ತೋಟಗಾರಿಕೆ ಬೆಳೆಗಾರನ ಹಣ್ಣಿಗೆ ಬೆಲೆ ತರುವ ಸಂಸ್ಕರಣೆಯೆಂದು ಗುರುತಿಸಿದ್ದು ಈ ನೀತಿಯ ನಿಜವಾದ ಹಿರಿಮೆ. ಅದರ ಬೆನ್ನಿಗೆ ಬಂದ ದ್ರಾಕ್ಷಾರಸ ಮಂಡಳಿಯು ರಾಜ್ಯದ ನಗರಗಳಲ್ಲಿ ಉತ್ಸವಗಳನ್ನು ನಡೆಸಿ, ಬಾಟಲಿಯ ಹಿಂದೆ ಒಬ್ಬ ರೈತನಿದ್ದಾನೆಂಬುದನ್ನು ಜನರಿಗೆ ತಲುಪಿಸಿತು. ದಾರಿಹೋಕರನ್ನು ದೂರವಿಡಲು ನೀಲಿ ಬಳಿಯುತ್ತಿದ್ದ ಬೇಸಾಯವೇ ದಾರಿಹೋಕರನ್ನು ನೆಚ್ಚಿಕೊಳ್ಳುವ ಕಾಲ ಹೀಗೆ ಬಂದಿತು. ಇಂದು ದೊಡ್ಡಬಳ್ಳಾಪುರ-ದೇವನಹಳ್ಳಿ ರಸ್ತೆಯ ರಘುನಾಥಪುರದಲ್ಲಿರುವ ಗ್ರೋವರ್ ತೋಟವೂ ಬೆಂಗಳೂರು-ಮೈಸೂರು ಹೆದ್ದಾರಿಯ ಚನ್ನಪಟ್ಟಣದ ಬಳಿಯ ಡೊಮೇನ್ ಸುಲಾವೂ ದಿನದ ಪ್ರವಾಸಿಗರಿಗೆ ಪರಿಚಿತವಾಗಿವೆ.

ಇಂಥ ಪ್ರವಾಸದ ತಂಡಗಳು ಚಿಕ್ಕವಾಗಿರುವುದಕ್ಕೆ ಸರಳವಾದ ಲೆಕ್ಕವಿದೆ. 750 ಮಿಲಿಲೀಟರಿನ ಬಾಟಲಿಯೊಂದರಿಂದ ತಲಾ 50 ಮಿಲಿಲೀಟರಿನಂತೆ 15 ಮಂದಿಗೆ ರುಚಿ ತೋರಿಸಬಹುದು; ಹತ್ತು ಹನ್ನೆರಡು ಮಂದಿಯ ಟಿ.ಟಿ. ಗಾಡಿ, ಅಂದರೆ ಟೆಂಪೊ ಟ್ರಾವೆಲರ್, ಬಂದರೆ ಒಂದೊಂದು ಬಗೆಗೂ ಒಂದೇ ಬಾಟಲಿ ತೆರೆದರೆ ಸಾಕು, ಮತ್ತು ತೆರೆದದ್ದು ಗಾಳಿಗೆ ಕೆಡದೆ ಅಂದೇ ಮುಗಿಯುತ್ತದೆ. ಪೀಪಾಯಿಗಳ ಇಕ್ಕಟ್ಟಿನ ಕೋಣೆಯಲ್ಲಿ ವಿವರಿಸುವವರ ಮಾತು ಎಲ್ಲರಿಗೂ ಕೇಳಬೇಕೆಂಬುದು ಇನ್ನೊಂದು ಕಾರಣ. ಐವತ್ತು ಮಂದಿಯ ಬಸ್ಸಿನಲ್ಲಿ ಬಂದವರಿಗೆ ತೋಟ ಕಾಣುತ್ತದೆ, ಆದರೆ ಪ್ರಶ್ನೆ ಕೇಳಲು ಅವಕಾಶ ಸಿಗುವುದಿಲ್ಲ. ಕಲಿಯುವ ಆಸೆಯಿಂದ ಹೊರಟವರು ಚಿಕ್ಕ ತಂಡವನ್ನೇ ಆರಿಸಿಕೊಳ್ಳುವುದು ಉಚಿತ.

ತೋಟದ ನಡಿಗೆ ಮುಗಿದ ಮೇಲೆ ತಂಡವು ತಯಾರಿಕೆಯ ಕಟ್ಟಡಕ್ಕೆ ಬರುತ್ತದೆ. ಇಲ್ಲಿ ಭದ್ರಾವತಿಯವರಿಗೆ ಒಂದು ವ್ಯತ್ಯಾಸ ಬೇಗ ಮನದಟ್ಟಾಗುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ 1918ರಲ್ಲಿ ಆರಂಭವಾಗಿ 1923ರಲ್ಲಿ ಉತ್ಪಾದನೆಗೆ ತೊಡಗಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯ ಮೊದಲ ಹೆಸರು ಮೈಸೂರು ವುಡ್ ಡಿಸ್ಟಿಲೇಶನ್ ಅಂಡ್ ಐರನ್ ವರ್ಕ್ಸ್. ಅಲ್ಲಿ ಕುಲುಮೆಗೆ ಬೇಕಾದ ಇದ್ದಿಲನ್ನು ಮಾಡುವಾಗ ಕಟ್ಟಿಗೆಯಿಂದ ಹೊರಡುವ ಆವಿಯನ್ನು ತಣಿಸಿ, ಕುಡಿಯಬಾರದ ವಿಷವಾದ ಮೀಥೈಲ್ ಆಲ್ಕೊಹಾಲನ್ನು ಪಡೆಯುತ್ತಿದ್ದರು. ಹೀಗೆ ಕಾಯಿಸಿ, ಆವಿಯಾಗಿಸಿ, ತಣಿಸಿ ಹಿಡಿಯುವುದು ಬಟ್ಟಿ ಇಳಿಸುವಿಕೆ. ದ್ರಾಕ್ಷಾರಸದಲ್ಲಿ ಬಟ್ಟಿಗೆ ಸ್ಥಾನವಿಲ್ಲ. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿ ಈಥೈಲ್ ಆಲ್ಕೊಹಾಲ್ ಮತ್ತು ಇಂಗಾಲದ ಡೈ ಆಕ್ಸೈಡುಗಳಾಗಿ ಮಾರ್ಪಡಿಸುವ ಹುದುಗುವಿಕೆ ಮಾತ್ರ ಅಲ್ಲಿ ನಡೆಯುತ್ತದೆ. ಕೆಂಪು ರಸವನ್ನು ಸಿಪ್ಪೆಯೊಡನೆ ಹುದುಗಿಸುವುದರಿಂದ ಬಣ್ಣವೂ ಒಗರೂ ಇಳಿಯುತ್ತವೆ. ಬಿಳಿ ರಸಕ್ಕೆ ಸಿಪ್ಪೆಯನ್ನು ಮೊದಲೇ ಬೇರ್ಪಡಿಸಿ, ಉಕ್ಕಿನ ತೊಟ್ಟಿಗಳಲ್ಲಿ ತಂಪಾಗಿಟ್ಟು ನಿಧಾನವಾಗಿ ಹುದುಗಿಸುತ್ತಾರೆ. ಆಯ್ದ ಕೆಂಪು ರಸಗಳನ್ನು ಸಾಮಾನ್ಯವಾಗಿ 225 ಲೀಟರಿನ ಓಕ್ ಮರದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಡಲಾಗುತ್ತದೆ. ಮರದ ಸಂದುಗಳಿಂದ ಅತಿ ಸೂಕ್ಷ್ಮವಾಗಿ ಒಳಬರುವ ಗಾಳಿ ಒಗರನ್ನು ಮೆದುವಾಗಿಸುತ್ತದೆ.

ರುಚಿ ನೋಡುವ ಕ್ರಮಕ್ಕೆ ಒಂದು ಶಿಸ್ತಿದೆ. ಹಗುರವಾದ ಬಿಳಿಯಿಂದ ಆರಂಭಿಸಿ, ಗುಲಾಬಿ ಬಣ್ಣದ್ದನ್ನು ದಾಟಿ, ಗಾಢವಾದ ಕೆಂಪಿನ ಕಡೆಗೆ ಸಾಗಬೇಕು. ಲೋಟವನ್ನು ಬಿಳಿಯ ಹಿನ್ನೆಲೆಗೆ ಹಿಡಿದು ಬಣ್ಣವನ್ನು ನೋಡಿ, ಮೆಲ್ಲನೆ ತಿರುಗಿಸಿ ಪರಿಮಳವನ್ನು ಎಬ್ಬಿಸಿ, ಮೂಸಿ, ಅನಂತರ ಗುಟುಕನ್ನು ಬಾಯಿಯಲ್ಲೆಲ್ಲ ಆಡಿಸಬೇಕು. ನುಂಗದೆ ಪಾತ್ರೆಗೆ ಉಗುಳುವುದನ್ನು ಅಲ್ಲಿ ಯಾರೂ ಅಸಭ್ಯವೆಂದು ಎಣಿಸುವುದಿಲ್ಲ, ಪರಿಣತರು ಮಾಡುವುದು ಹಾಗೆಯೇ. ಈ ವಿದ್ಯೆಯನ್ನು ಶಿವಮೊಗ್ಗದವರು ಹೊರಗಿನದೆಂದು ಭಾವಿಸಿ ಹಿಂಜರಿಯಬೇಕಾದ ಕಾರಣವಿಲ್ಲ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆಯನ್ನು ಬಣ್ಣ, ಗಡಸು, ಒಡೆದ ಹೋಳಿನ ಒಳಮೈಗಳಿಂದ ವಿಂಗಡಿಸಿ ಬೆಲೆ ಕಟ್ಟುವ ಮಂಡಿಯ ಕಣ್ಣು ಎಷ್ಟು ಪಳಗಿದ್ದೋ ಕೆಂಪು ದ್ರಾಕ್ಷಾರಸವನ್ನು ಅಳೆಯುವ ನಾಲಗೆಯೂ ಅಷ್ಟೇ ಪಳಗಿದ್ದು, ಮತ್ತು ಎರಡನ್ನೂ ಗಳಿಸುವ ಬಗೆ ಒಂದೇ: ನೂರಾರು ಮಾದರಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವುದು. ಕೆಂಪು ರಸ ಬಾಯನ್ನು ಹಿಡಿದಂತೆ ಮಾಡುವುದು ಟ್ಯಾನಿನ್ ಎಂಬ ಒಗರಿನ ಅಂಶ. ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಚೊಗರಿನಲ್ಲಿ ದಟ್ಟವಾಗಿರುವುದು ಅದೇ ಬಗೆಯ ವಸ್ತು. ಅಡಿಕೆಯ ನಾಡಿನವರಿಗೆ ಬೇರೆಯವರಿಗಿಂತ ಮೊದಲೇ ಈ ಒಗರಿನ ಹದಗಳು ತಿಳಿದಿರುತ್ತವೆ, ಅದೊಂದು ಅನುಕೂಲ.

ಸವಿಯುವ ಪ್ರಮಾಣ ಅಲ್ಪವೆಂದು ತೋರಿದರೂ ಲೆಕ್ಕ ಅಲ್ಪವಲ್ಲ. ಶೇ 13ರಷ್ಟು ಆಲ್ಕೊಹಾಲ್ ಇರುವ ಐದು ಬಗೆಗಳನ್ನು ತಲಾ 50 ಮಿಲಿಲೀಟರಿನಂತೆ ನುಂಗಿದರೆ ದೇಹಕ್ಕೆ ಸುಮಾರು 25 ಗ್ರಾಂ ಆಲ್ಕೊಹಾಲ್ ಸೇರುತ್ತದೆ. ಮೋಟಾರು ವಾಹನ ಕಾಯ್ದೆಯು ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚನ್ನು ಅಪರಾಧವೆಂದು ಎಣಿಸುವುದರಿಂದ, ಗುಟುಕನ್ನೂ ಮುಟ್ಟದ ಚಾಲಕನೊಬ್ಬ ತಂಡದೊಡನೆ ಇರಲೇಬೇಕು. ಬಸುರಿಯರಿಗೂ ಯಕೃತ್ತಿನ ತೊಂದರೆಯಿರುವವರಿಗೂ ಮದ್ಯ ಬೇಡವೆಂದು ಬಿಟ್ಟವರಿಗೂ ತೋಟ ಮತ್ತು ತಯಾರಿಕೆಯನ್ನು ನೋಡುವುದಷ್ಟೇ ಸಾಕು. ಪ್ರವಾಸದ ಹೆಚ್ಚಿನ ತಿಳಿವಳಿಕೆ ದೊರೆಯುವುದು ಅಲ್ಲಿಯೇ.

ಶಿವಮೊಗ್ಗದಿಂದ ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ತುಮಕೂರುಗಳನ್ನು ದಾಟಿ ಬರುವ ಗಾಡಿಯು ಬೆಂಗಳೂರಿನ ದಟ್ಟಣೆಗೆ ಸಿಲುಕಬೇಕಾಗಿಲ್ಲ. ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ದೊಡ್ಡಬಳ್ಳಾಪುರ, ಅಲ್ಲಿಂದ ದೇವನಹಳ್ಳಿಯ ರಸ್ತೆ. ಬೆಂಗಳೂರಿನವರಿಗೆ ಅರ್ಧ ದಿನದಲ್ಲಿ ಮುಗಿಯುವ ಪ್ರವಾಸ ಈ ಎರಡು ಊರಿನವರಿಗೆ ಕೋಳಿ ಕೂಗುವ ಹೊತ್ತಿಗೆ ಹೊರಟು ರಾತ್ರಿ ಮರಳುವ ಇಡೀ ದಿನದ ಕೆಲಸವಾಗುತ್ತದೆ. ಮಳೆಗಾಲದಲ್ಲಿ ಹೋದರೆ ಕಾಣುವುದು ಎಲೆ ಮಾತ್ರ. ಗೊಂಚಲು, ಕೊಯ್ಲು, ಹಣ್ಣು ನುರಿಸುವ ಯಂತ್ರ ಇವೆಲ್ಲವನ್ನೂ ಒಟ್ಟಿಗೆ ನೋಡಬೇಕೆನ್ನುವವರು ಫೆಬ್ರುವರಿ ಅಥವಾ ಮಾರ್ಚಿನಲ್ಲಿ ಹೋಗಬೇಕು, ಮತ್ತು ಮಲೆನಾಡಿನ ಹೆಚ್ಚಿನ ತೋಟಗಳಲ್ಲಿ ಅಡಿಕೆ ಸುಲಿತ, ಬೇಯಿಸುವಿಕೆಗಳು ಮುಗಿದು ಬೆಳೆಗಾರರಿಗೆ ಒಂದಿಷ್ಟು ಬಿಡುವು ಸಿಗುವುದೂ ಆ ತಿಂಗಳುಗಳಲ್ಲಿಯೇ.