ಎಳೆಯ ನಾಲಗೆಗೆ ಮನೆಯ ಪಾಠ

ತೊದಲು ನುಡಿ ಕಿವಿಗೆ ಇಂಪು. ಆದರೆ ಶಾಲೆಗೆ ಹೋಗುವ ವಯಸ್ಸಿನಲ್ಲಿಯೂ ಅದು ಉಳಿದರೆ, ಮನೆಯವರನ್ನು ನಗಿಸಿದ ಮಾತೇ ಓರಗೆಯವರ ಗೇಲಿಗೆ ಗುರಿಯಾಗುತ್ತದೆ. ‘ಹಳ್ಳಿ’ ಎನ್ನಹೋಗಿ ‘ಹಲ್ಲಿ’ ಎಂದ ಹುಡುಗನು ತರಗತಿಯಲ್ಲಿ ಎರಡು ಸಲ ನಗೆಪಾಟಲಾದರೆ ಮೂರನೆಯ ಸಲ ಬಾಯಿಯನ್ನೇ ತೆರೆಯಲಾರನು. ಅಕ್ಷರವೊಂದು ತಪ್ಪುವುದು ದೊಡ್ಡ ಹಾನಿಯಲ್ಲ. ಮಗು ಮೌನ ಹಿಡಿಯುವುದೇ ಹಾನಿ.

ಧ್ವನಿಯೊಂದು ನಾಲಗೆಗೆ ಒಗ್ಗದಿರುವುದು ಮಕ್ಕಳ ಪಾಡು ಮಾತ್ರವಲ್ಲ. ಬಾದಾಮಿ ಚಾಲುಕ್ಯರ ಕಾಲದ ಕನ್ನಡದಲ್ಲಿ ‘ೞ’ ಎಂಬ ಧ್ವನಿಯಿತ್ತು; ಅಂದಿನ ‘ಮೞೆ’ಯೇ ಇಂದಿನ ‘ಮಳೆ’. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಈ ಧ್ವನಿಯುಳ್ಳ ಶಬ್ದಗಳನ್ನು ಬೇರೆಯಾಗಿಯೇ ಎಣಿಸಿ ಹೇಳಿದನು. ಆದರೂ ಜನರ ನಾಲಗೆ ಅದನ್ನು ಉಳಿಸಿಕೊಳ್ಳಲಿಲ್ಲ. ನಾಡೇ ಕೈಬಿಟ್ಟ ಧ್ವನಿಯುಂಟೆಂದ ಮೇಲೆ, ಆರು ವರ್ಷದ ಕೂಸು ಳಕಾರಕ್ಕೆ ತಡವರಿಸಿದರೆ ದಡ್ಡನೆಂದು ಜರೆಯುವುದು ನ್ಯಾಯವೆ?

ಆಡುನುಡಿಯ ರೀತಿಯನ್ನು ದೋಷವೆಂದು ಭ್ರಮಿಸಲೂ ಬಾರದು. ಬಾಗಲಕೋಟೆಯ ಸಂತೆಯಲ್ಲಿ ಘಟಪ್ರಭೆ ‘ಗಟಪ್ರಬಾ’ ಎಂದು ಕೇಳಿಬಂದರೆ ಅದು ಊರ ರೂಢಿ. ಮಹಾಪ್ರಾಣವನ್ನು ಓದಿನೊಡನೆ ಕಲಿತರಾಯಿತು. ಆದರೆ ಹುನಗುಂದ ತಾಲ್ಲೂಕಿನ ಕೂಡಲಸಂಗಮವು ಶಾಲೆಯ ಮಗುವಿನ ಬಾಯಲ್ಲಿ ‘ಕೂದಲಸಂಗಮ’ವಾದರೆ ಅಲ್ಲಿ ಅಭ್ಯಾಸ ಬೇಕು.

ಆ ಅಭ್ಯಾಸದ ಸೊಗಸಾದ ಕ್ರಮವನ್ನು ಇಳಕಲ್ಲಿನ ನೇಕಾರರ ಮನೆಯೊಂದರಲ್ಲಿ ನಾನು ಕಂಡೆನು. ಮಗ್ಗದ ‘ಲಾಳಿ’ ಮಗಳ ಬಾಯಲ್ಲಿ ‘ಲಾಲಿ’ಯಾಗುತ್ತಿತ್ತು. ತಾಯಿ ಮೊದಲು ಅವಳಿಂದ ಏನನ್ನೂ ಹೇಳಿಸಲಿಲ್ಲ. ತಾನು ‘ಬೆಲೆ’ ಎಂದರೆ ದುಡ್ಡನ್ನೂ ‘ಬೆಳೆ’ ಎಂದರೆ ಜೋಳದ ತೆನೆಯನ್ನೂ ಮುಟ್ಟಿ ತೋರಿಸುವ ಆಟ ಹೂಡಿದಳು. ಕಿವಿ ಪಳಗಿದ ಮೇಲೆ ಕನ್ನಡಿ ಬಂತು. ಲಕಾರದಲ್ಲಿ ನಾಲಗೆಯ ತುದಿ ಮೇಲುಹಲ್ಲಿನ ಬುಡಕ್ಕೆ ತಾಗಿದರೆ, ಳಕಾರದಲ್ಲಿ ಅದು ಹಿಂದಕ್ಕೆ ಮಡಚಿ ಅಂಗುಳನ್ನು ಮುಟ್ಟಬೇಕು. “ಯವ್ವಾ, ನಾಲಗಿ ಹಿಂದಕ್ಕ ಮಡಚು, ನಾ ಅಂದಂಗ ಅನ್ನು” ಎಂದು ತಾಯಿ ತೋರಿಸಿದಳು. ಮೊದಲು ‘ಅಳ’, ‘ಇಳ’, ಅನಂತರ ಜೋಳ, ಬಾಳೆ, ಕೋಳಿ, ಕಡೆಗೆ ಲಾಳಿ. ತಪ್ಪಿದಾಗ ‘ತಪ್ಪು’ ಎನ್ನದೆ ತಾನೇ ಸರಿಯಾಗಿ ಇನ್ನೊಮ್ಮೆ ನುಡಿಯುತ್ತಿದ್ದಳು. ಐದು ನಿಮಿಷಕ್ಕೆ ಪಾಠ ಮುಗಿಯಿತು. ಮಗು ಬೇಸರಪಡುವ ಮುನ್ನವೇ ನಿಲ್ಲಿಸಿದ್ದು ಆಕೆಯ ಜಾಣ್ಮೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಧ್ವನಿಯನ್ನು ಶಬ್ದಕ್ಕೆ, ಶಬ್ದವನ್ನು ವಾಕ್ಯಕ್ಕೆ ಸೇರಿಸುವುದಕ್ಕೂ ಅಷ್ಟೇ ತಾಳ್ಮೆ ಬೇಕು.

ಒಂದು ಸಲಕ್ಕೆ ಒಂದೇ ಧ್ವನಿ ಸಾಕು. ಬಂದ ಅತಿಥಿಗಳ ಮುಂದೆ ಹೇಳಿಸುವ ಪರೀಕ್ಷೆ ಬೇಡ. ಅಭ್ಯಾಸ ಫಲಿಸದಿದ್ದರೆ, ಇಲ್ಲವೆ ಕರೆದರೆ ಮಗು ತಿರುಗಿ ನೋಡದಿದ್ದರೆ, ಮೊದಲು ಕಿವಿಯನ್ನು ಪರೀಕ್ಷಿಸಬೇಕು. ಕಿವಿ ಕೇಳದುದನ್ನು ನಾಲಗೆ ನುಡಿಯಲಾರದು. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಪರೀಕ್ಷೆ, ಚಿಕಿತ್ಸೆಗಳಿಗಾಗಿಯೇ ಇದೆ, ತಜ್ಞರನ್ನೂ ತಯಾರಿಸುತ್ತದೆ. ಆದರೆ ತಜ್ಞರು ಮಗುವಿನೊಡನೆ ಇರುವುದು ಸ್ವಲ್ಪ ಹೊತ್ತು. ಉಳಿದ ಹೊತ್ತೆಲ್ಲ ಅದು ಇರುವುದು ಮನೆಯಲ್ಲಿ.

ಆದ್ದರಿಂದ ತಂದೆತಾಯಿಗಳಲ್ಲಿ ನನ್ನ ಬಿನ್ನಹ ಇಷ್ಟೆ. ಊಟಕ್ಕೆ ಕುಳಿತ ಮಗು ‘ಲೊಟ್ಟಿ’ ಬೇಡಿದರೆ, ಸರಿಯಾಗಿ ಅನ್ನುವ ತನಕ ಅದನ್ನು ಕಾಯಿಸಬೇಡಿರಿ. ಮೊದಲು ತಟ್ಟೆಗೆ ನೀಡಿರಿ. ‘ರೊಟ್ಟಿ ತಗೋ’ ಎಂಬ ಸರಿಯಾದ ನುಡಿ ಅದರೊಡನೆಯೇ ಬರಲಿ.