ಶುಂಠಿಯ ಚಹಾ: ತಯಾರಿಸುವ ಕ್ರಮವೂ ಸೇವಿಸುವ ಮಿತಿಯೂ

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯ ಮೇಲಿರುವ ಕಮಲಾಪುರವು ಕೆಂಬಾಳೆಗೆ ಪ್ರಸಿದ್ಧವಾದ ಊರು. ಆ ಸೀಮೆಯಲ್ಲಿ ನೀರಿನ ಅನುಕೂಲವುಳ್ಳ ರೈತರು ಶುಂಠಿಯನ್ನೂ ಬೆಳೆಯುವುದುಂಟು. ಹಸಿಶುಂಠಿಯನ್ನು ನಮ್ಮಲ್ಲಿ ‘ಅಲ್ಲ’ವೆಂದೂ ಕರೆಯುವರು. ನೆಗಡಿ, ಅಜೀರ್ಣಗಳಾದಾಗ ಇದರ ಚಹಾ ಕುಡಿಯುವ ರೂಢಿಯು ಹಳ್ಳಿಯಲ್ಲಿಯೂ ಕಲಬುರಗಿ ನಗರದಲ್ಲಿಯೂ ಸಮನಾಗಿದೆ. ರೂಢಿಯು ಒಳ್ಳೆಯದೇ, ಆದರೆ ಕ್ರಮ ತಪ್ಪಿದರೆ ಪ್ರಯೋಜನವು ಕಡಿಮೆ, ಮಿತಿ ತಪ್ಪಿದರೆ ಹಾನಿ. ಆದುದರಿಂದ ಕೆಳಗಿನ ಸಂಗತಿಗಳನ್ನು ಗಮನಿಸತಕ್ಕದ್ದು.

ಗೆಡ್ಡೆಯ ಆಯ್ಕೆ

ಗಟ್ಟಿಯಾದ, ಸುಕ್ಕುಗಟ್ಟದ, ಘಾಟುವಾಸನೆಯುಳ್ಳ ಗೆಡ್ಡೆಯನ್ನೇ ಆರಿಸಬೇಕು. ಬೂಷ್ಟು ಹಿಡಿದುದನ್ನೂ ಕೊಳೆತು ಮೆತ್ತಗಾದುದನ್ನೂ ಬಿಸಾಡಬೇಕು. ಮುಖ್ಯವಾದ ಮಾತೊಂದಿದೆ. ಕೊಳೆರೋಗ ಬಾರದಂತೆ ಬಿತ್ತನೆಯ ಗೆಡ್ಡೆಗಳನ್ನು ಲೀಟರಿಗೆ 3 ಗ್ರಾಂ ಮ್ಯಾಂಕೋಜೆಬ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸುವ ಪದ್ಧತಿಯಿದೆ. ಬೆಳೆಗೆ ಇದು ಹಿತವಾದರೂ ನಾಟಿ ಮಾಡಿ ಉಳಿದ ಇಂಥ ಗೆಡ್ಡೆಯನ್ನು ಎಷ್ಟು ತೊಳೆದರೂ ಅಡಿಗೆಗೆ ಉಪಯೋಗಿಸಕೂಡದು. ಅದನ್ನು ಅಡಿಗೆಮನೆಯಿಂದ ದೂರ, ಗುರುತು ಹಾಕಿದ ಚೀಲದಲ್ಲಿ, ಮಕ್ಕಳ ಕೈಗೆ ಸಿಕ್ಕದಂತೆ ಇಡತಕ್ಕದ್ದು.

ತಯಾರಿಸುವ ಕ್ರಮ

ಇಬ್ಬರಿಗೆ ಅರ್ಧ ತೊಲ, ಅಂದರೆ ಸುಮಾರು 6 ಗ್ರಾಂ ಹಸಿಶುಂಠಿ ಸಾಕು. ಒಣಶುಂಠಿಯು ಹೆಚ್ಚು ಖಾರವಾದುದರಿಂದ ಅದರ ಅರ್ಧಕ್ಕಿಂತ ಕಡಿಮೆ ಹಾಕಬೇಕು. ಗೆಡ್ಡೆಯ ಮಣ್ಣನ್ನು ಚೆನ್ನಾಗಿ ತೊಳೆದು, ಜಜ್ಜಿ, 300 ಮಿಲಿಲೀಟರ್ ಶುದ್ಧವಾದ ನೀರಿನಲ್ಲಿ 5 ನಿಮಿಷ ಕುದಿಸಬೇಕು. ಅನಂತರ ಒಂದು ಚಮಚ ಚಹಾಪುಡಿ ಹಾಕಿ 2 ನಿಮಿಷವಾದ ಮೇಲೆ 100 ಮಿಲಿಲೀಟರ್ ಕಾಯಿಸಿದ ಹಾಲು ಸೇರಿಸಿ ಸೋಸಬೇಕು.

ಶುಂಠಿಯನ್ನು ಮೊದಲು ನೀರಿನಲ್ಲಿಯೇ ಏಕೆ ಕುದಿಸಬೇಕು? ಹಸಿಶುಂಠಿಯಲ್ಲಿ ಹಾಲನ್ನು ಒಡೆಯುವ ಒಂದು ಕಿಣ್ವವಿರುವುದು. ಕುದಿತದಿಂದ ಅದು ನಾಶವಾಗುವುದು. ಬೆಲ್ಲದಿಂದಲೂ ಹಾಲು ಒಡೆಯುವುದುಂಟು. ಆದುದರಿಂದ ಅದನ್ನು ಒಲೆಯಿಂದಿಳಿಸಿದ ಮೇಲೆ ಬೆರೆಸುವುದು ಲೇಸು. ಹಾಲೂ ಚಹಾಪುಡಿಯೂ ಇಲ್ಲದೆ ಬರಿಯ ಶುಂಠಿಯ ಕಷಾಯಕ್ಕೆ ನಿಂಬೆಯ ರಸ ಹಿಂಡಿಯೂ ಕುಡಿಯಬಹುದು.

ಗುಣವೂ ಮಿತಿಯೂ

ಹಸಿಶುಂಠಿಯ ಖಾರಕ್ಕೆ ಜಿಂಜೆರಾಲ್ ಎಂಬ ಸತ್ವವು ಕಾರಣ; ಗೆಡ್ಡೆ ಒಣಗಿದಾಗ ಅದರ ಒಂದು ಭಾಗವು ಶೋಗಾಲ್ ಆಗಿ ಮಾರ್ಪಡುವುದು. ಓಕರಿಕೆಯನ್ನು ಶಮನ ಮಾಡುವ ಗುಣವು ಶುಂಠಿಗೆ ಇರುವುದೆಂದು ಪರೀಕ್ಷೆಗಳಿಂದ ಕಂಡುಬಂದಿದೆ. ನೆಗಡಿಯಾದಾಗ ಬಿಸಿಪಾನವು ಗಂಟಲಿಗೆ ಹಿತವನ್ನುಂಟುಮಾಡುವುದು. ಇದಕ್ಕಿಂತ ಹೆಚ್ಚನ್ನು ನಿರೀಕ್ಷಿಸಬಾರದು.

ಮಳೆಗಾಲದ ಜ್ವರವು ಮಲೇರಿಯಾ ಅಥವಾ ಡೆಂಗಿಯಾಗಿರಬಹುದು. ಇದನ್ನು ರಕ್ತಪರೀಕ್ಷೆಯಿಂದಲೇ ತಿಳಿಯಬೇಕು. ಕಷಾಯವನ್ನು ನಂಬಿ ದಿನ ಕಳೆದರೆ ಪ್ರಾಣಾಪಾಯವುಂಟು. ವಾಂತಿಭೇದಿಯಾದವರಿಗೆ ಚಹಾ ಪರಿಹಾರವಲ್ಲ. ಅವರಿಗೆ ಓಆರ್‌ಎಸ್ ದ್ರಾವಣವನ್ನು ಕೊಡುತ್ತ ಬೇಗ ವೈದ್ಯರಲ್ಲಿಗೆ ಒಯ್ಯಬೇಕು.

ಚಹಾಪುಡಿಯಲ್ಲಿಯ ಒಗರು ಪದಾರ್ಥವು ಜೋಳದ ರೊಟ್ಟಿ, ತೊಗರಿಬೇಳೆ, ಸೊಪ್ಪುಗಳಲ್ಲಿರುವ ಕಬ್ಬಿಣದ ಅಂಶವು ದೇಹಕ್ಕೆ ಸೇರುವುದನ್ನು ತಡೆಯುವುದು. ಆದುದರಿಂದ ಊಟದೊಡನೆ ಚಹಾ ಕುಡಿಯದೆ, ಒಂದು ಗಂಟೆಯಾದರೂ ಅಂತರವಿಡಬೇಕು. ರಕ್ತಹೀನತೆಯುಳ್ಳ ಸ್ತ್ರೀಯರು ಇದನ್ನು ವಿಶೇಷವಾಗಿ ಪಾಲಿಸತಕ್ಕದ್ದು. ಎಳೆಯ ಮಕ್ಕಳಿಗೆ ಚಹಾ ಕೊಡಬಾರದು. ಗರ್ಭಿಣಿಯರೂ, ರಕ್ತವನ್ನು ತೆಳುಮಾಡುವ ಔಷಧ ಸೇವಿಸುವವರೂ ಶುಂಠಿಯ ಪ್ರಮಾಣವನ್ನು ವೈದ್ಯರಲ್ಲಿ ವಿಚಾರಿಸಬೇಕು. ಎದೆಯುರಿಯುಳ್ಳವರು ಬರಿಹೊಟ್ಟೆಯಲ್ಲಿ ಇದನ್ನು ಕುಡಿಯದಿರುವುದು ಒಳ್ಳೆಯದು.

ಗ್ರಾಮದ ಮುಖಂಡರಲ್ಲಿ ವಿಜ್ಞಾಪನೆ

ಏಪ್ರಿಲ್-ಮೇ ತಿಂಗಳ ನಾಟಿಯ ಕಾಲದಲ್ಲಿ, ಮದ್ದು ಹಚ್ಚಿದ ಬಿತ್ತನೆಯ ಗೆಡ್ಡೆಗಳನ್ನು ಪ್ರತ್ಯೇಕವಾಗಿಡುವಂತೆ ಮನೆಮನೆಗೂ ತಿಳಿಸಬೇಕು. ಜ್ವರಪೀಡಿತರನ್ನು ತಡಮಾಡದೆ ಆಸ್ಪತ್ರೆಗೆ ಕಳುಹಿಸಲು ನೆರವಾಗಬೇಕು. ಓದುಬಾರದವರಿಗೆ ಈ ಕರಪತ್ರವನ್ನು ಚಾವಡಿಯಲ್ಲಿ ಓದಿ ಹೇಳುವುದು ಉಪಕಾರವಾದೀತು. ಹೊಲದಲ್ಲಿ ಬೆಳೆದ ಶುಂಠಿಯು ಮನೆಯವರಿಗೆ ಹಿತವನ್ನೇ ಮಾಡಬೇಕಾದರೆ ಇಷ್ಟು ಎಚ್ಚರವು ಅವಶ್ಯ.